ಕಡೆಯ ಹಾಜರಿ

ಹಾಜರಿ ಕೂಗುವಾಗ ನಮ್ಮ ಶಾಲೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂದರೆ ದಾವಣಿಯ ಚುಂಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬಂದರೂ ಸರಿ, ಪಕ್ಕದವಳ ಹೆಸರು ದಾಟುವವರೆಗೆ ತಡೆದುಕೊಳ್ಳಬೇಕು. ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಪ್ರಾರ್ಥನೆ ಆಮೇಲೆ, ಊಟದ ತಟ್ಟೆ ಎಲ್ಲಿಡಬೇಕು ಅನ್ನುವುದು ಇನ್ನೂ ಆಮೇಲೆ. ನಾನು ಎಂಟನೆಯ ತರಗತಿಗೆ ಬಂದು ಸೇರಿದ ದಿನ ನನಗೂ ಹೀಗೇ ಹೇಳಿಕೊಟ್ಟರು. ನಾನು ಮಂಡಕ್ಕಿ ಭಟ್ಟಿಯ ಪಕ್ಕದಲ್ಲಿ ಬೆಳೆದವಳು. ಅಲ್ಲಿ ಹೊಗೆಗೆ ಹೆಂಗಸರೆಲ್ಲ ದಿನವಿಡೀ ಕೆಮ್ಮುತ್ತಲೇ ಕೆಲಸ ಮಾಡುತ್ತಾರೆ, ನನ್ನ ಅವ್ವನೂ ಅವರಲ್ಲಿ ಒಬ್ಬಳು. ಇದೆಂಥ ಶಾಲೆಯಪ್ಪಾ, ಕೆಮ್ಮಿದರೂ ತಪ್ಪೇ ಎಂದು ನನಗೆ ನಗು ಬಂತು. ಆ ನಗು ಬಹಳ ದಿನ ಉಳಿಯಲಿಲ್ಲ.

ಊರು ಎರಡು ಬಂಡೆಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿತ್ತು. ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು ಬಸ್ಸು. ಅಲ್ಲಿ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಹಾಜರಿ. ಬೆಳಿಗ್ಗೆ ಏಳಕ್ಕೆ ಕೇರಿಗೊಬ್ಬರಂತೆ ಕಟ್ಟೆಯ ಮೇಲೆ ನಿಂತು ಹೆಸರು ಕೂಗುತ್ತಿದ್ದರು. ಕ್ಷೌರದಂಗಡಿಯಲ್ಲಿ ಕೂತವನು ಅರ್ಧ ಮುಖದ ನೊರೆಯೊಂದಿಗೇ ಎದ್ದು ಬಾಗಿಲಿಗೆ ಬಂದು "ಇದೀನಿ" ಅಂದು ಮತ್ತೆ ಹೋಗಿ ಕೂರುತ್ತಿದ್ದ. ಬಾಣಂತಿಯರು ಕಿಟಕಿಯಿಂದ ಓಗೊಡುತ್ತಿದ್ದರು. ಹಾಸಿಗೆ ಹಿಡಿದ ಮುದುಕರನ್ನು ಆ ಹೊತ್ತಿಗೆ ಮಂಚದ ಸಮೇತ ಜಗಲಿಗೆ ತಂದಿಡುತ್ತಿದ್ದರು, ಅವರು "ಹೂಂ" ಅಂದರೂ ನಡೆಯುತ್ತಿತ್ತು. ಮಾತು ಬಾರದವರು ತಟ್ಟೆ ಬಡಿಯುತ್ತಿದ್ದರು. ಪರವೂರಿಗೆ ಹೋಗುವವರು ಹಿಂದಿನ ದಿನವೇ ರಜೆಚೀಟಿ ಕೊಟ್ಟಿದ್ದರೆ ಅವರ ಹೆಸರು ಕೂಗುತ್ತಿರಲಿಲ್ಲ. ಊರಿನವರಿಗೆ ಇದೆಲ್ಲ ಹಲ್ಲುಜ್ಜಿದಷ್ಟು ಸಲೀಸು. ಬೆಚ್ಚಿಬೀಳುತ್ತಿದ್ದವರು ಹೊರಗಿನಿಂದ ಓದಲು ಬಂದ ನಾವೇ.

ಒಂದೊಂದು ಹೆಸರನ್ನೂ ಮೂರು ಸಲ ಕೂಗುತ್ತಿದ್ದರು. ಮೂರನೆಯದಕ್ಕೂ ಯಾರೂ ಓಗೊಡದಿದ್ದರೆ ಹೆಸರಿನ ಮೇಲೆ ಕೆಂಪು ಗೀಟು. ಗೀಟು ಬಿದ್ದವರು ಸಾಯುತ್ತಿರಲಿಲ್ಲ. ಸತ್ತಿದ್ದರೆ ಅಳುವವರಾದರೂ ಇರುತ್ತಿದ್ದರು. ನಮ್ಮ ಶಾಲೆಯ ಅಡುಗೆಮನೆಯಲ್ಲಿ ಅಕ್ಕಿ ಆರಿಸುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು "ಏ, ಇಲ್ನೋಡು" ಎಂದೇ ಕರೆಯುತ್ತಿದ್ದರು. ನನಗೆ ಅದು ಸರಿಬರಲಿಲ್ಲ. ಸೇರಿದ ವಾರದಲ್ಲೇ ಒಂದು ದಿನ ಪಕ್ಕದಲ್ಲಿ ಕೂತು "ನಿಮ್ಮ ಹೆಸರೇನಮ್ಮಾ?" ಎಂದು ಕೇಳಿದೆ. ಅವಳು ಹೇಳಿದಳು. ಹೆಸರು, ತಂದೆಯ ಹೆಸರು, ಊರು ಎಲ್ಲ ಹೇಳಿದಳು. ಅವಳ ಬಾಯಿ ಮುಚ್ಚುವಷ್ಟರಲ್ಲಿ ಅದೆಲ್ಲ ನನ್ನ ತಲೆಯಿಂದ ಹೋಗಿತ್ತು. ಮತ್ತೆ ಕೇಳಿದೆ, ಮತ್ತೆ ಹೇಳಿದಳು, ಮತ್ತೆ ಹೋಯಿತು. ಹಟ ಹಿಡಿದು ಬರೆದುಕೊಳ್ಳಲು ಹೊರಟೆ. ಪೆನ್ಸಿಲ್ ಕೈಯಲ್ಲಿ ಹಿಡಿದು, ಇದನ್ನು ಯಾಕೆ ಹಿಡಿದಿದ್ದೇನೆ ಎಂದು ಯೋಚಿಸುತ್ತ ಕೂತಿದ್ದೆ. ಅವಳು ಮೊರದಿಂದ ಕಣ್ಣೆತ್ತದೆ "ಬಿಡು ಮಗು, ನಂಗೆ ನೆನಪಿದೆಯಲ್ಲ. ಅದೇ ಕಷ್ಟ" ಅಂದಳು.  ಅವತ್ತು ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ಹೆಸರು ಬಂದಾಗ ನಾನು ಎಷ್ಟು ಜೋರಾಗಿ "ಹಾಜರ್" ಅಂದೆನೆಂದರೆ ಎದುರು ಸಾಲಿನವಳು ಕಿವಿ ಮುಚ್ಚಿಕೊಂಡಳು.

ನನ್ನ ಹೆಸರು ಸಾಕಮ್ಮ. ಆಗಿನ ಮಾತು ಹೇಳುತ್ತಿದ್ದೇನೆ.

ಹೆದರಿಕೆ ಎಷ್ಟು ದಿನ ಇರುತ್ತದೆ ಹೇಳಿ. ಹದಿಮೂರು ವರ್ಷದ ಹುಡುಗಿಯರು ಹುಲಿಯ ಬೋನಿನಲ್ಲಿಟ್ಟರೂ ಹದಿನೈದು ದಿನಕ್ಕೆ ಹುಲಿಗೆ ಅಡ್ಡಹೆಸರು ಇಡುತ್ತಾರೆ. ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಜನ. ಬೆಳಿಗ್ಗೆ ತೂಗುಹಾಕಿದ ರೈಲುಕಂಬಿ ಬಡಿದರೆ ಏಳಬೇಕು, ಸರದಿಯಲ್ಲಿ ನೀರು ಸೇದಬೇಕು, ಹಾಜರಿಗೆ ನಿಲ್ಲಬೇಕು, ಆಮೇಲೆ ಗಂಜಿ, ಆಮೇಲೆ ಪಾಠ. ವಿಜ್ಞಾನಕ್ಕೆ ಒಂದೇ ಕಪ್ಪೆ, ಅದೂ ಶೀಶೆಯಲ್ಲಿ, ನಮ್ಮ ಅಕ್ಕಂದಿರೂ ಅದನ್ನೇ ನೋಡಿ ಪಾಸಾಗಿದ್ದರು. ಶನಿವಾರ ಚರ್ಚಾಕೂಟ. "ಬೆಳಗಿನ ತಣ್ಣೀರು ಒಳ್ಳೆಯದೋ ಕೆಟ್ಟದ್ದೋ" ಎಂಬ ವಿಷಯ ಮೂರು ವರ್ಷದಲ್ಲಿ ನಾಲ್ಕು ಸಲ ಬಂತು. ಗೋಡೆಪತ್ರಿಕೆಗೆ ಬರೆಯಬೇಕಿತ್ತು, ಬದನೆ ಮಡಿಗೆ ನೀರು ಬಿಡಬೇಕಿತ್ತು, ಭಾನುವಾರ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚಬೇಕಿತ್ತು. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ನಳಿನಾಕ್ಷಿ.

ನಳಿನಾಕ್ಷಿ ದರ್ಜಿಯ ಮಗಳು. ಎತ್ತರದವಳು, ನಿಧಾನದವಳು. ನಡೆದರೆ ಇರುವೆ ಸಾಯಬಾರದು, ಹಾಗೆ ನಡೆಯುತ್ತಿದ್ದಳು. ಕಂಬಿ ಬಡಿದು ನಾವೆಲ್ಲ ಮುಖ ತೊಳೆದು ಬಂದ ಮೇಲೆ ಅವಳು ಹಾಸಿಗೆಯಲ್ಲಿ ಎದ್ದು ಕೂತು "ಬೆಳಗಾಯ್ತೇನೇ?" ಅನ್ನುವಳು. ನನಗೆ ಅವಳ ಮೇಲೆ ಕೋಪ ಬರುತ್ತಿತ್ತು, ಆದರೆ ಅವಳಿಲ್ಲದೆ ಗಂಜಿ ಇಳಿಯುತ್ತಿರಲಿಲ್ಲ. ಅವಳು ಕೈಬರಹದಲ್ಲಿ ಮುಂದೆ, ನಾನು ಲೆಕ್ಕದಲ್ಲಿ ಮುಂದೆ. ಇಬ್ಬರೂ ಸೇರಿದರೆ ಒಬ್ಬ ಒಳ್ಳೆಯ ವಿದ್ಯಾರ್ಥಿನಿ ಆಗುತ್ತಾಳೆ ಎಂದು ಟೀಚರು ಆಡಿಕೊಳ್ಳುತ್ತಿದ್ದರು.

ಆ ಮಾತೇ ನಮ್ಮ ತಲೆ ಕೆಡಿಸಿತು. ಒಬ್ಬಳ ಹೆಸರಿಗೆ ಇನ್ನೊಬ್ಬಳು ಓಗೊಟ್ಟರೆ ಆ ದಿನವೆಲ್ಲ ಅವಳೇ ಇವಳು. ಇದನ್ನು ಹಿಂದಿನ ಅಕ್ಕಂದಿರು ನಮಗೆ ಗುಟ್ಟಾಗಿ ಹೇಳಿಕೊಟ್ಟಿದ್ದರು. ಬೀಜಗಣಿತದ ಪರೀಕ್ಷೆಯ ದಿನ ನಾನು ಅವಳ ಹೆಸರಿಗೆ ಹಾಜರ್ ಅಂದೆ, ಅವಳು ನನ್ನದಕ್ಕೆ ಅಂದಳು. ಅಷ್ಟೇ. ಟೀಚರು ನನ್ನನ್ನು "ಬಾಮ್ಮಾ ನಳಿನಿ" ಎಂದು ಕರೆದು ಬೆನ್ನು ತಟ್ಟಿದರು. ಸೊನ್ನೆ ತೆಗೆದ ಸಾಕಮ್ಮನೆಂದು ನಳಿನಿಯನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಅದು ನಮಗಿಬ್ಬರಿಗೆ ಮಾತ್ರ ಗೊತ್ತು. ಮಿಕ್ಕ ಹದಿನೇಳು ಜನಕ್ಕೆ ನಾನೇ ನಳಿನಿ, ಹಿಂದಿನ ರಾತ್ರಿ ನನ್ನ ಪಕ್ಕದಲ್ಲೇ ಮಲಗಿದ್ದ ದಾಕ್ಷಾಯಿಣಿಗೂ ಅಷ್ಟೇ. ಮಾರನೆಯ ದಿನ ಅವರವರ ಹೆಸರಿಗೆ ಅವರವರು ಓಗೊಟ್ಟರೆ ಎಲ್ಲ ಮೊದಲಿನಂತೆ. ಹೀಗೆ ನಾವು ಎಷ್ಟು ಸಲ ಮಾಡಿದೆವೋ. ನಳಿನಿ ಎದ್ದಿಲ್ಲದ ದಿನ ಎರಡೂ ಹೆಸರಿಗೆ ನಾನೇ ಅನ್ನುತ್ತಿದ್ದೆ. ಅಂಥ ದಿನ ನನಗೆ ಎರಡು ಪಾಲು ಗಂಜಿ, ಎರಡು ಪಾಲು ಕಸ ಗುಡಿಸುವ ಕೆಲಸ. ನಳಿನಿಗೆ ಏನೂ ಇಲ್ಲ. ಅವಳು ಹುಣಸೆಮರದ ಮೇಲೆ ಕೂತು ಕಾಲಾಡಿಸುತ್ತಿದ್ದರೆ ಟೀಚರು ಕಣ್ಣೆತ್ತಿ ನೋಡಿ, ಯಾರದೋ ಮನೆಯ ಕರು ತಪ್ಪಿಸಿಕೊಂಡು ಬಂದಿದೆ ಅನ್ನುವ ಹಾಗೆ ಮುಂದೆ ಹೋಗಿಬಿಡುತ್ತಿದ್ದರು. ಒಂದು ದಿನ ಕೊಂಬೆ ಮುರಿದು ಬಿದ್ದಳು. ಮಂಡಿ ಒಡೆದು ರಕ್ತ ಸುರಿಯುತ್ತಿದ್ದರೂ ಒಬ್ಬರೂ ಹತ್ತಿರ ಬರಲಿಲ್ಲ. ನಾನು ಓಡಿಹೋಗಿ ಲಂಗದ ಅಂಚು ಹರಿದು ಕಟ್ಟಿದೆ. "ನಾನು ಕೂಗಿದೆ ಕಣೇ. ಎಲ್ರೂ ನೋಡಿದ್ರು. ನೋಡಿ ಸುಮ್ನೆ ಹೋದ್ರು" ಎಂದು ಅವಳು ಬಿಳಿಚಿಕೊಂಡು ಹೇಳಿದಳು.

ಅಲ್ಲಿಗೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಇನ್ನೊಂದು ಪರೀಕ್ಷೆಗೆ ಅದಲುಬದಲಾದೆವು. ಅವತ್ತೇ ನಳಿನಿಯ ಅಪ್ಪ ಹೇಳದೆ ಕೇಳದೆ ಬಂದುಬಿಟ್ಟರು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದರು, ತೆಗೆಯುವುದನ್ನು ಮರೆತಿದ್ದರೋ ಏನೋ. ಸೀದಾ ನನ್ನ ಹತ್ತಿರ ಬಂದು ತಲೆ ಸವರಿ "ಸೊರಗಿದ್ದೀಯಲ್ಲಮ್ಮಾ" ಅಂದರು. ಅವರ ಸ್ವಂತ ಮಗಳು ಎರಡು ಮಾರು ದೂರದಲ್ಲಿ, ಕಂಬದ ಪಕ್ಕ ನಿಂತಿದ್ದಳು. "ಅಪ್ಪಾ" ಎಂದು ಕರೆದಳು ಕೂಡ. ಅವರು ತಿರುಗಿ ನೋಡಿ, ನಕ್ಕು, "ನಿಮ್ಮಪ್ಪನೂ ಬರ್ತಾರೆ ಬಿಡಮ್ಮ" ಅಂದರು.  ಹೆತ್ತವರಿಗೂ ಗೊತ್ತಾಗುವುದಿಲ್ಲವೇ? ಹದಿನಾಲ್ಕು ವರ್ಷ ಎತ್ತಿ ಆಡಿಸಿದ ಮುಖ ಒಂದು ಕೂಗಿಗೆ ಅಳಿಸಿಹೋಗುತ್ತದೆಯೇ? ಇನ್ನೂ ಒಂದು ಮಾತಿದೆ, ನಾಚಿಕೆಯಾದರೂ ಹೇಳುತ್ತೇನೆ. ಅಪ್ಪನಿಲ್ಲದ ನನಗೆ ಆ ಕೈ ತಲೆಯ ಮೇಲಿದ್ದದ್ದು ಹಿತವಾಗಿತ್ತು. ಅವರು ಬಸ್ಸು ಹತ್ತುವವರೆಗೆ ನಾನು ಅವರ ಕೈ ಹಿಡಿದುಕೊಂಡೇ ಇದ್ದೆ. ನಳಿನಿ ಹಿಂದೆ ಹಿಂದೆ ಬರುತ್ತಿದ್ದಳು. ಮಾರನೆಯ ದಿನ ಹಾಜರಿಯಾದ ಮೇಲೆ ಇಬ್ಬರೂ ಅತ್ತೆವು, ಇನ್ನು ಜನ್ಮದಲ್ಲಿ ಈ ಆಟ ಬೇಡ ಎಂದು ಆಣೆಯಿಟ್ಟೆವು. ಆಣೆಯನ್ನು ಒಂದೂವರೆ ವರ್ಷ ಉಳಿಸಿಕೊಂಡೆವು.

ಹತ್ತನೆಯವರಿಗೆ ಕೊನೆಯ ದಿನ ಒಂದು ಹಾಜರಿ ಇರುತ್ತಿತ್ತು. ಅದನ್ನು ದೊಡ್ಡಕ್ಕ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ತಾವೇ ಕೂಗುತ್ತಿದ್ದರು. ಮುಗಿದ ಮೇಲೆ ಆ ತರಗತಿಯ ಹಾಜರಿ ಪುಸ್ತಕಕ್ಕೆ ದಾರ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅದಕ್ಕೆ ಮಾರನೆಯ ದಿನ ಅನ್ನುವುದಿಲ್ಲ. ಅವತ್ತು ಯಾರು ಯಾವ ಹೆಸರಿಗೆ ಓಗೊಟ್ಟರೋ ಆ ಹೆಸರೇ ಅವರ ಜೊತೆ ಬಸ್ಸು ಹತ್ತುತ್ತಿತ್ತು. ಹಾಗಾಗಿ ಆ ವಾರವೆಲ್ಲ ಶಾಲೆಯಲ್ಲಿ ಗಂಟಲಿನದೇ ಚಿಂತೆ. ಹುಣಸೆಕಾಯಿ, ಸೀಬೆಕಾಯಿ ಬಂದ್. ತಣ್ಣೀರು ಕುಡಿಯುವಂತಿಲ್ಲ. ಚರ್ಚಾಕೂಟ ರದ್ದು. ದಿನಕ್ಕೆರಡು ಹೊತ್ತು ಜೀರಿಗೆ ಕಷಾಯ. ಬರೀ ಕೈಯಲ್ಲಿ ಪುಸ್ತಕ ಹಿಡಿದಂತೆ ನಟಿಸಿ ದೊಡ್ಡಕ್ಕ ನಮಗೆ ತಾಲೀಮು ಕೊಡುತ್ತಿದ್ದರು. ಮುದ್ದವೀರಮ್ಮ ಗಾಬರಿಯಾದರೆ ಬಿಕ್ಕಳಿಸುತ್ತಿದ್ದಳು, ಅವಳಿಗೆ ಬಿಕ್ಕಳಿಕೆಯ ಮಧ್ಯದಲ್ಲಿ ಹಾಜರ್ ಅನ್ನುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸಿದರು.

ಆ ಬೆಳಿಗ್ಗೆ ಒಂಬತ್ತಕ್ಕೆ ಗುಂಪಿನ ಫೋಟೋ, ಹತ್ತಕ್ಕೆ ಹಾಜರಿ ಎಂದು ಗೊತ್ತಾಗಿತ್ತು. ಫೋಟೋದವನು ಬೆಳಗಿನ ಬಸ್ಸಿನಲ್ಲಿ ಬರಬೇಕು. ನಮ್ಮಲ್ಲಿ ಕೆಲವರ ಮನೆಯವರೂ ಅದರಲ್ಲೇ ಬರುವವರು, ನನ್ನ ಅವ್ವನೂ. ನಳಿನಿ ಗಂಜಿಯನ್ನೂ ಕುಡಿಯದೆ ಹಿತ್ತಲ ಬಾವಿಯ ಹತ್ತಿರ ಹೋಗಿ ಕೂತಿದ್ದಳು. ಹತ್ತೊಂಬತ್ತು ಜಡೆಗೂ ಒಂದೇ ಅಳತೆಯ ಕನಕಾಂಬರದ ದಂಡೆ ಕಟ್ಟುತ್ತೇನೆಂದು ಪಟ್ಟು ಹಿಡಿದಿದ್ದಳು, ದರ್ಜಿಯ ಮಗಳಲ್ಲವೇ. ಬಸ್ಸು ಬರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ದೊಡ್ಡಕ್ಕ ಗಂಜಿಯ ಪಂಕ್ತಿಗೆ ಬಂದು "ಫೋಟೋ ಆಮೇಲೆ ಆಗ್ಲಿ. ಒಂಬತ್ತಕ್ಕೇ ಹಾಜರಿ ಮುಗಿಸಿಬಿಡೋಣ" ಅಂದರು. ಎಲ್ಲರನ್ನೂ ಕಣ್ಣಲ್ಲೇ ಎಣಿಸಿ, ನನ್ನ ಕಡೆ ತಿರುಗಿ "ನಳಿನಿ ಎಲ್ಲೇ? ನೀನೇ ಹೋಗಿ ಹೇಳು, ಮರೀಬೇಡ" ಅಂದರು. "ಹೂಂ ಅಕ್ಕಾ" ಅಂದೆ.

ಹೂಂ ಅಂದವಳು ಹೋಗಲಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನಾನು ದೊಡ್ಡ ತ್ಯಾಗಮಯಿಯಂತೆ ಕಾಣುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಇಡೀ ಹಾಸ್ಟೆಲಿಗೆ ಒಂದೇ ನಿಲುವುಗನ್ನಡಿ. ನನ್ನ ಸರದಿ ಬಂದಿತ್ತು. ಅವ್ವ ಬರುತ್ತಾಳೆ, ಚೆಂದ ಕಾಣಬೇಕು ಎಂದು ಬೈತಲೆ ತೆಗೆಯುತ್ತಿದ್ದೆ. ಒಂದು ಸಲ ಸೊಟ್ಟಗಾಯಿತು, ಅಳಿಸಿ ಮತ್ತೆ ತೆಗೆದೆ. ಕಂಬಿ ಬಡಿದದ್ದು ಕೇಳಿಸಿತು. ಕಂಬಿ ಬಡಿದರೆ ಅವಳಿಗೂ ಕೇಳಿಸುತ್ತದಲ್ಲ, ಬಂದೇ ಬರುತ್ತಾಳೆ ಅಂದುಕೊಂಡು ಸಾಲಿಗೆ ಹೋಗಿ ನಿಂತೆ. ಅವಳಿಗೆ ಕೇಳಿಸಿತ್ತು. ಒಂಬತ್ತರ ಕಂಬಿ ಫೋಟೋದ್ದು, ಇನ್ನೂ ಐದು ದಂಡೆ ಬಾಕಿ ಇವೆ, ಫೋಟೋದವನು ಸ್ಟ್ಯಾಂಡು ಹೂಡುವಷ್ಟರಲ್ಲಿ ಮುಗಿಸಿಬಿಡೋಣ ಎಂದು ಅವಳು ಕೂತಳಂತೆ.

ದೊಡ್ಡಕ್ಕ ಶುರುಮಾಡಿದರು. ಅದು ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ, ತಾಳಿ ಕಟ್ಟುವಾಗ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ ಅನ್ನಲಾದೀತೇ? ಹೆಸರುಗಳು ಒಂದೊಂದಾಗಿ ಹೋದವು. ನಾನು ನನ್ನ ಬೈತಲೆಯ ಯೋಚನೆಯಲ್ಲೇ ಇದ್ದೆ. "ದಾಕ್ಷಾಯಿಣಿ." "ಹಾಜರ್ ಅಕ್ಕಾ." "ನಳಿನಾಕ್ಷಿ." ಸದ್ದಿಲ್ಲ. ಆಗ ತಿರುಗಿ ನೋಡಿದೆ. ಅವಳ ಜಾಗ ಖಾಲಿ.  ದೊಡ್ಡಕ್ಕ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಎರಡನೆಯ ಸಲ ಕೂಗುವಾಗ ಒಂದೊಂದು ಅಕ್ಷರವನ್ನೂ ಎಳೆದರು, ನ-ಳಿ-ನಾ-ಕ್ಷಿ, ಅಷ್ಟರಲ್ಲಾದರೂ ಬರಲಿ ಎಂದು. ಅವರ ದನಿ ಒಡೆಯಿತು. ಹುಡುಗಿಯರೆಲ್ಲ ನೆಲ ನೋಡುತ್ತಿದ್ದರು. ಮುದ್ದವೀರಮ್ಮನಿಗೆ ಬಿಕ್ಕಳಿಕೆ ಶುರುವಾಯಿತು. ಅಡುಗೆಮನೆಯಿಂದ ಮೊರದಲ್ಲಿ ಅಕ್ಕಿ ಕೇರುವ ಸದ್ದು ಬರುತ್ತಿತ್ತು. ದೊಡ್ಡಕ್ಕ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿಕೊಂಡು ಮೂರನೆಯ ಸಲ ಕೂಗಿದರು.

"ಹಾಜರ್" ಅಂದೆ.

ಯೋಚಿಸಿ ಅಂದದ್ದಲ್ಲ, ಬಾಯಿಂದ ಬಿತ್ತು. ದೊಡ್ಡಕ್ಕ ಕಣ್ಣು ತೆರೆದರು. ಅವರ ಮುಖದಲ್ಲಿ ಒಂದು ಗಳಿಗೆ ಸಮಾಧಾನ ಕಂಡಿತು, ಮರುಗಳಿಗೆ ಅದೂ ಇಲ್ಲ, ಏನೂ ಆಗಿಯೇ ಇಲ್ಲ ಅನ್ನುವ ಮುಖ. "ಎಲ್ಲಿತ್ತೇ ಜ್ಞಾನ? ಮೂರನೇ ಸಲಕ್ಕೆ ಬಾಯಿ ಬಿಡ್ತೀಯಲ್ಲ ನಳಿನಿ, ಕಡೇ ದಿನಾನೂ ನಿದ್ದೇನಾ?" ಅಂದರು. ಹುಡುಗಿಯರು ಕಿಸಕ್ಕನೆ ನಕ್ಕರು. ಈಗಷ್ಟೇ ಹೆದರಿ ನೆಲ ನೋಡುತ್ತಿದ್ದವರು ಇವರೇನಾ ಎಂದು ನಾನು ದಂಗಾದೆ. ಪಾರಿಜಾತ, ಭದ್ರಮ್ಮ ಓಗೊಟ್ಟಾಯಿತು. ಮುದ್ದವೀರಮ್ಮ ಬಿಕ್ಕಳಿಕೆಯ ನಡುವೆ ದಾಟಿದಳು.

ಆಗ ನಳಿನಿ ಬಂದಳು. ಬಿದಿರುತಟ್ಟೆಯ ತುಂಬ ದಂಡೆಗಳು, ಹಸಿಬಟ್ಟೆ ಮುಚ್ಚಿತ್ತು. ಬಾಗಿಲಲ್ಲಿ ನಿಂತು ಪುಸ್ತಕ ನೋಡಿದಳು, ಪೆನ್ನು ನೋಡಿದಳು, ಅವಳ ಮುಖದ ಬಣ್ಣವೇ ಇಳಿದುಹೋಯಿತು. "ಅಕ್ಕಾ, ಹಾಜರ್! ನಾನ್ ಬಂದೆ ಅಕ್ಕಾ, ಹಾಜರ್!" ಎಂದು ಕಿರುಚಿದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಬಾಗಿಲ ಪಕ್ಕದಲ್ಲಿದ್ದ ದಾಕ್ಷಾಯಿಣಿ ಮಾತ್ರ ತಟ್ಟೆ ಕಂಡು, ಪಿಸುದನಿಯಲ್ಲಿ "ಹೂವು ಮಾರಕ್ಕೆ ಬಂದ್ಯಾ? ಸ್ವಲ್ಪ ತಾಳು, ಹಾಜರಿ ಮುಗೀಲಿ" ಅಂದಳು. ಮೂರು ವರ್ಷ ನಳಿನಿಯ ಊಟದ ತಟ್ಟೆಯಿಂದ ಉಪ್ಪಿನಕಾಯಿ ಕದ್ದು ತಿಂದವಳು! ನಳಿನಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಬೈಗುಳ ಇರಲಿಲ್ಲ ಆ ಮುಖದಲ್ಲಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಲ್ಲೂಬಾಯಿ." "ಹಾಜರ್." "ಸಾಕಮ್ಮ."

ಅದು ನನ್ನದು. ಅದಕ್ಕೂ ನಾನೇ ಅಂದರೆ ನಾನು ಎರಡಾಗುತ್ತೇನೆ, ಅವಳು ಯಾರೂ ಆಗುವುದಿಲ್ಲ. ಬೀರುವಿಗೆ ಬೀಗ ಬಿದ್ದ ಮೇಲೆ ಇನ್ನು ನಾಳೆ ಇಲ್ಲ. ನಾನು ಸುಮ್ಮನಿರಬೇಕು, ಅಷ್ಟೇ. ಸುಮ್ಮನಿರುವುದು ಎಂಥ ಕಷ್ಟ! ಮೂರು ವರ್ಷ ಕಲಿತ ನಾಲಿಗೆ ತಾನಾಗಿ ಮೇಲೇಳುತ್ತಿತ್ತು. ದಾವಣಿಯ ಚುಂಗು ಬಾಯಿಗೆ ತುರುಕಿಕೊಂಡೆ. ಎರಡನೆಯ ಸಲ ಕೂಗಿದರು. ಅವ್ವ ನೆನಪಾದಳು. ಬಿಸಿ ಮರಳಲ್ಲಿ ಮಂಡಕ್ಕಿ ಹುರಿದು ಹುರಿದು ಸುಟ್ಟ ಅವಳ ಮೊಣಕೈಗಳು ನೆನಪಾದವು. ಹಾಜರ್ ಅಂದುಬಿಡೋಣ, ನಳಿನಿಯ ಹಣೆಬರಹ ನಳಿನಿಗೆ ಅನ್ನಿಸಿತು. ಹೌದು, ಅನ್ನಿಸಿತು. ದರ್ಜಿಯ ಬೆಚ್ಚನೆಯ ಕೈಯೂ ನೆನಪಾಯಿತು, ಅದನ್ನೂ ಅಲ್ಲಗಳೆಯುವುದಿಲ್ಲ. ಯಾವುದಕ್ಕೆ ನಾನು ಸುಮ್ಮನಿದ್ದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ನಳಿನಿಯ ಕಡೆ ನೋಡಿ ತಲೆಯಾಡಿಸಿದೆ, ಅನ್ನೇ, ಅನ್ನು ಎಂದು. ಅವಳು ಬೇಡ ಬೇಡ ಎಂದು ತಲೆಯಾಡಿಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ದೊಡ್ಡಕ್ಕ ಕೆಂಪು ಪೆನ್ನು ಎತ್ತಿದರು. ಮೂರನೆಯ ಸಲ ಕೂಗಿದರು.

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲಿಂದ, ಅಳುವ ದನಿಯಲ್ಲಿ, "ಹಾಜರ್."

"ಒಳಗೆ ಬಾರೇ ಸಾಕಮ್ಮ, ಹೂವು ಆಮೇಲೆ ಹಂಚುವೆಯಂತೆ" ಅಂದರು ದೊಡ್ಡಕ್ಕ.

ಅರಗು ಕರಗುವ ವಾಸನೆ ಬಂತು. ಬೀರುವಿನ ಬಾಗಿಲು ಮುಚ್ಚಿತು. ಹತ್ತೂವರೆಗೆ ಬಸ್ಸು ಬಂತು, ಫೋಟೋದವನು ಬಂದ, ನಮ್ಮನ್ನು ಸಾಲಾಗಿ ಕೂರಿಸಿ ನಗಿ ಅಂದ. ನಕ್ಕೆವು. ನಳಿನಿ ನನ್ನ ಜಡೆಗೆ ದಂಡೆ ಮು‌ಡಿಸುವಾಗ ಪಿನ್ನು ಎರಡು ಸಲ ಜಾರಿತು. "ಯಾಕೇ ಹಿಂಗೆ ಮಾಡ್ದೆ?" ಅಂದಳು. "ನಿಂಗೆ ಹೇಳಕ್ಕೆ ಕಳಿಸಿದ್ರು ಕಣೇ. ನಾನು ಕನ್ನಡಿ ಮುಂದೆ ನಿಂತುಬಿಟ್ಟೆ" ಅಂದೆ. ಅವಳು ದಂಡೆಯನ್ನು ಬಿಚ್ಚಿ ಮತ್ತೆ ಸರಿಯಾಗಿ ಮುಡಿಸಿದಳು.

ಗೇಟಿನ ಹತ್ತಿರ ಮನೆಯವರೆಲ್ಲ ನಿಂತಿದ್ದರು. ನಳಿನಿಯ ಅಪ್ಪ ಮಧ್ಯಾಹ್ನದ ಬಸ್ಸಿಗೆ ಬರುವವರು. ನಾನು ಆ ಕಡೆ ಹೋಗಬಾರದು ಎಂದುಕೊಂಡೇ ಹೋದೆ, ಕಾಲು ಕೇಳಲಿಲ್ಲ. ಅವ್ವ ಹಸಿರು ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಮಂಡಕ್ಕಿಯ ಚೀಲ. ಎಲ್ಲರ ಮುಖವನ್ನೂ ಹುಡುಕುತ್ತಿದ್ದಳು. ನನ್ನ ಮುಖಕ್ಕೆ ಬಂದಳು, ಒಂದು ಗಳಿಗೆ ನಿಂತಳು.  ಗುರುತು ಸಿಕ್ಕಿತು, ಇವಳು ನನ್ನವ್ವ, ಇವಳಿಗೆ ಯಾವ ಹಾಜರಿಯೂ ನಾಟುವುದಿಲ್ಲ ಅಂದುಕೊಂಡೆ. "ನಮ್ಮ ಸಾಕವ್ವ ಎಲ್ಲದಾಳೆ ಮಗಾ? ಒಂಚೂರು ಕರಿಯವ್ವಾ, ಪುಣ್ಯ ಬರ್ತದೆ" ಅಂದಳು.

 ಬೇರೆಯವರು ಕರೆದ ಹೆಸರಿಗೆ ಮೂರು ವರ್ಷ ಓಗೊಟ್ಟಿದ್ದೆ, ಆ ಹೆಸರನ್ನು ನಾನೇ ಎಂದೂ ಕರೆದಿರಲಿಲ್ಲ. ತಿರುಗಿ ನಿಂತು, ಹಾಸ್ಟೆಲಿನ ಕಡೆ ಮುಖ ಮಾಡಿ, "ಸಾಕಮ್ಮಾ, ನಿಮ್ಮವ್ವ ಬಂದಿದಾರೆ" ಎಂದು ಕೂಗಿದೆ. ನಳಿನಿ ನನ್ನ ಟ್ರಂಕು ಹಿಡಿದುಕೊಂಡು ಬಂದಳು. ಅವ್ವ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದು, "ಎಷ್ಟುದ್ದ ಆಗೀಯೇ ನನ್ನವ್ವಾ!" ಎಂದು ನಕ್ಕಳು, ಅತ್ತಳು. ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ನನ್ನ ಕೈಗೂ ಹಾಕಿದಳು, ಕರೆದುಕೊಟ್ಟಿದ್ದಕ್ಕೆ. ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಸ್ಸಿನ ಕಡೆ ಹೊರಟಳು. ನಳಿನಿ ಅವಳ ಎಡಗಡೆ ನಡೆಯುತ್ತಿದ್ದಳು. ಏನೋ ಹೇಳುತ್ತಿದ್ದಳು. ಅವ್ವ ಉತ್ತರ ಕೊಡದೆ ಹೋಗುತ್ತಿದ್ದಳು. ನಳಿನಿ ಮತ್ತೆ ಹೇಳಿದಳು, ಮತ್ತೆ ಉತ್ತರವಿಲ್ಲ. ನಳಿನಿಯ ತಲೆ ತಗ್ಗಿತು, ತನ್ನನ್ನು ಇವಳು ಒಪ್ಪಿಕೊಳ್ಳಲಿಲ್ಲ ಅಂದುಕೊಂಡಳೋ ಏನೋ.

ನನಗೆ ತಡೆಯಲಾಗಲಿಲ್ಲ. ಓಡಿಹೋದೆ. "ಸಾಕಮ್ಮಾ, ಬಲಗಡೆ ಬಾರೇ. ಎಡಗಿವಿ ಕೇಳ್ಸಲ್ಲ ಅವರಿಗೆ" ಅಂದೆ.

ಅವ್ವ ಗಕ್ಕನೆ ನಿಂತಳು. ತಲೆಯ ಮೇಲಿನ ಟ್ರಂಕು ಓಲಾಡಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಮುಖ ಬಿಳಿಚಿಕೊಂಡಿತ್ತು. ಆ ಕಿವಿಯ ವಿಷಯ ತಿಳಿದರೆ ಭಟ್ಟಿಯಿಂದ ತೆಗೆದುಹಾಕುತ್ತಾರೆಂದು ಅವಳು ಅದನ್ನು ಜಗತ್ತಿಗೇ ಮುಚ್ಚಿಟ್ಟಿದ್ದಳು. ಗೊತ್ತಿದ್ದದ್ದು ಮಗಳೊಬ್ಬಳಿಗೆ. "ನಿಂಗ್ಯಾರು ಹೇಳಿದ್ರು?" ಅಂದಳು.  ನಳಿನಿ ನಡುವೆ ಬಂದು ನಿಂತು "ನಾನೇ ಹೇಳಿದ್ದೆ ಅವ್ವಾ" ಅಂದಳು.

ಅವ್ವ ನಿಟ್ಟುಸಿರುಬಿಟ್ಟು, ನಳಿನಿಯ ಕಿವಿಯನ್ನು ಮೆಲ್ಲಗೆ ಹಿಂಡಿ, ನನಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ ಗದರಿದಳು. "ಮನಿ ಮಾತು ಹೊರಗಿನೋರ ಮುಂದೆ ಆಡಬ್ಯಾಡ ಅಂತ ಎಷ್ಟು ಸಲ ಹೇಳೀನಿ ನಿಂಗೆ?"

ಹೇಳಿದ್ದು ನಿಜ. ಬಹಳ ಸಲ ಹೇಳಿದ್ದಳು, ನನಗೆ.